ಮರಿ ಬಿಡೋದು ಆಮೇಲೆ, ಮೊದಲು ಮಡು ಉಳಿಸಿ

ಚನ್ನಗಿರಿ ಕಡೆಯ ಗೆಳೆಯರು ಕೇಳಿದ್ದು ಇಷ್ಟು. ಅಡಿಕೆ ತೋಟದ ಪಕ್ಕದಲ್ಲೇ ಹಳ್ಳ, ನೀರು ಸೂಳೆಕೆರೆಗೆ ಹೋಗುತ್ತೆ. ಹುಡುಗರಿದ್ದಾಗ ಗೆಂಡೆ, ಕೆಮ್ಮೀನು, ಹಾವುಮೀನು ಬೇಕಾದಷ್ಟಿತ್ತು, ಈಗ ಬರೀ ಜಿಲೇಬಿ ಮೀನು (ಹೊರದೇಶದ ತಿಲಾಪಿಯಾ). ಊರವರು ಸೇರಿ ದುಡ್ಡು ಹಾಕಿ ಮರಿ ಬಿಡೋಣ ಅಂತಿದ್ದಾರೆ, ಯಾವ ಮರಿ ತರಬೇಕು? ಅದಕ್ಕೂ ಮೊದಲು ಜೆಸಿಬಿ ತರಿಸಿ ಹಳ್ಳ ಕ್ಲೀನ್ ಮಾಡಿಸುವ ಮಾತೂ ನಡೀತಿದೆ.

ಸದ್ಯಕ್ಕೆ ಎರಡನ್ನೂ ನಿಲ್ಲಿಸಿ ಅಂತ ಹೇಳ್ತೀನಿ. ಮರಿ ಬಿಡೋದಕ್ಕಿಂತ ಜೆಸಿಬಿಯದ್ದೇ ನನಗೆ ಜಾಸ್ತಿ ಭಯ.

ಮರಿ ವಿಷಯ ಬೇಗ ಮುಗಿಸ್ತೀನಿ. ಸಾಮಾನ್ಯವಾಗಿ ಮೀನುಮರಿ ಕೇಂದ್ರದಲ್ಲಿ ಸಿಗೋದು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಮೊದಲ ಮೂರೂ ಗಂಗಾ ಕಡೆಯ ನದಿಗಳಿಂದ ಬಂದ ಮೀನು. ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್, ನಿಮ್ಮ ಹಳ್ಳದ ನಾಟಿ ಗೆಂಡೆ ಅಲ್ಲ) ಅಂತೂ ಹೊರದೇಶದ್ದು, ತಳ ಕೆದಕಿ ನೀರು ರಾಡಿ ಮಾಡುತ್ತೆ, ನೀರಿನ ಗಿಡಗಳ ಬೇರು ಕಿತ್ತು ಹಾಕುತ್ತೆ. ಕೆರೆಯಲ್ಲಿ, ಹೊಂಡದಲ್ಲಿ ಸಾಕಿ ಮಾರೋಕೆ ಇವು ಸರಿ. ಹಳ್ಳಕ್ಕೆ ಬಿಟ್ಟರೆ ಇರುವ ನಾಟಿ ಮೀನಿನ ಜಾಗಕ್ಕೂ ಮೇವಿಗೂ ಪೈಪೋಟಿ ತಂದಿಟ್ಟ ಹಾಗೆ ಆಗುತ್ತೆ. ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಕೊಡ್ತೀನಿ ಅಂದರೆ ಮುಟ್ಟಲೇಬೇಡಿ, ಅದರ ಸಾಕಣೆಗೇ ದೇಶದಲ್ಲಿ ನಿಷೇಧ ಇದೆ. ನಿಮ್ಮ ತೋಟದ ಕೃಷಿ ಹೊಂಡದಲ್ಲಿ ರೂಪ್‌ಚಂದ್, ಜಿಲೇಬಿ ಸಾಕಿದ್ದೀರಾ? ಹಾಗಿದ್ದರೆ ಕೋಡಿ ಬೀಳುವ ಕಡೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಅರ್ಧ ಸಮಸ್ಯೆ ಹಳ್ಳಕ್ಕೆ ಬರೋದೇ ಅಲ್ಲಿಂದ.

ಹಾಗಾದರೆ ನಾಟಿ ಮೀನು ಎಲ್ಲಿಂದ ಬರಬೇಕು? ಹೆಚ್ಚಿನವು ಅಕ್ಕಪಕ್ಕದಲ್ಲೇ ಎಲ್ಲೋ ಸ್ವಲ್ಪ ಉಳಿದಿರುತ್ತವೆ. ಅವು ಬೇಸಿಗೆ ದಾಟಬೇಕು, ಹೊಸ ನೀರು ಬಂದಾಗ ಮೇಲೆ ಹತ್ತಬೇಕು. ಇವೆರಡಕ್ಕೆ ಅವಕಾಶ ಕೊಟ್ಟರೆ ತಾವಾಗಿಯೇ ಹೆಚ್ಚುತ್ತವೆ.

ಬೇಸಿಗೆ ದಾಟೋದು ಮಡುವಿನಲ್ಲಿ. ನಿಮ್ಮ ಹಳ್ಳ ತಿರುಗುವ ಕಡೆ, ದೊಡ್ಡ ಬಂಡೆಯ ಕೆಳಗೆ, ಹೊಳೆಮತ್ತಿ ಅಥವಾ ಅತ್ತಿ ಮರದ ಬೇರಿನ ಬುಡದಲ್ಲಿ ನೀರು ಕೊರೆದು ಗುಂಡಿ ಆಗಿರುತ್ತೆ ನೋಡಿ, ಅದೇ ಜಾಗ. ಏಪ್ರಿಲ್‌ನಲ್ಲಿ ಬೇರೆಲ್ಲ ಒಣಗಿದರೂ ಅಲ್ಲಿ ನೀರು ನಿಂತಿರುತ್ತೆ. ಜೆಸಿಬಿಯವರು ಮೊದಲು ಮಾಡುವ ಕೆಲಸವೇ ಇದನ್ನು ಸಪಾಟು ಮಾಡೋದು. ತಿರುವು ನೇರ ಮಾಡ್ತಾರೆ, ಬಂಡೆ ಎಳೆದು ದಡಕ್ಕೆ ಹಾಕ್ತಾರೆ, ಬೇರು ಕಿತ್ತು ಹಾಕ್ತಾರೆ. ಹಳ್ಳ ಹೋಗಿ ಅಗಲವಾದ ಚರಂಡಿ ಆಗುತ್ತೆ. ನೀರು ತೆಳ್ಳಗೆ ಹರಡಿಕೊಂಡು ಬಿಸಿಲಿಗೆ ಕಾಯುತ್ತೆ. 20 ಡಿಗ್ರಿ ನೀರಿನಲ್ಲಿ ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತೆ. ಕೊಳೆತ ಎಲೆ, ಗೊಬ್ಬರದ ನೀರು ಸೇರಿದರೆ ಇನ್ನೂ ಕಡಿಮೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯೋದು ಇದಕ್ಕೇ. ಕೊರವ, ಚೇಳುಮೀನು ಗಾಳಿಯನ್ನೇ ನೇರ ಉಸಿರಾಡಿ ಕೆಸರಿನಲ್ಲೂ ಜೀವ ಹಿಡ್ಕೊಳ್ತವೆ. ಗೆಂಡೆ, ಕೆಮ್ಮೀನಿಗೆ ಅದು ಆಗಲ್ಲ.

ಹೂಳು ನಿಜವಾಗಿಯೂ ಜಾಸ್ತಿ ಆಗಿ ತೋಟಕ್ಕೆ ನೀರು ನುಗ್ಗುತ್ತಿದ್ದರೆ, ಒಂದು ದಡದ ಕಡೆಯಿಂದ ಮಾತ್ರ ತೆಗೆಸಿ. ಎದುರು ದಡದ ಮರ, ಪೊದೆ ಹಾಗೇ ಇರಲಿ. ಮಡುವಿನ ಹತ್ತಿರ ಬಕೆಟ್ ಇಳಿಸೋದೇ ಬೇಡ. ಜಲ್ಲಿಕಲ್ಲು, ಮರಳು ತೆಗೆಯಬೇಡಿ, ಮೊಟ್ಟೆ ಇಡೋಕೆ ಅದು ಬೇಕು. ಹೊನ್ನಾಳಿ, ಹರಿಹರದ ಕಡೆ ಹೊಳೆಯಲ್ಲಿ ಮರಳು ಬಗೆದು ಏನಾಗಿದೆ ಅಂತ ಎಲ್ಲರಿಗೂ ಗೊತ್ತಿದೆ.

ಇನ್ನು ಮೋಟರ್ ವಿಷಯ. ಮಾರ್ಚ್ ಬಂತು ಅಂದರೆ ಮಡುವಿಗೆ ನಾಲ್ಕೈದು ಪೈಪು ಇಳಿದಿರುತ್ತೆ. ಅಡಿಕೆ ಒಣಗ್ತಿರುವಾಗ ಮೀನಿಗೋಸ್ಕರ ನೀರೆತ್ತಬೇಡಿ ಅಂದರೆ ಯಾರೂ ಕೇಳಲ್ಲ, ಕೇಳಬೇಕು ಅಂತ ಹೇಳೋದೂ ಸರಿಯಲ್ಲ. ಆದರೆ ಒಂದು ಒಪ್ಪಂದ ಸಾಧ್ಯ. ಮಡುವಿನೊಳಗಿನ ಬಂಡೆಗೆ, ತಳದಿಂದ ಎದೆಮಟ್ಟದಲ್ಲಿ ಕೆಂಪು ಪೇಂಟ್‌ನಲ್ಲಿ ಗೆರೆ ಎಳೆಯಿರಿ. ನೀರು ಆ ಗೆರೆಗೆ ಇಳಿದ ದಿನ ಎಲ್ಲರ ಮೋಟರೂ ಬಂದ್. ಮಾತಿನಲ್ಲಿ ಆದ ಒಪ್ಪಂದ ನಿಲ್ಲಲ್ಲ, ಕಣ್ಣಿಗೆ ಕಾಣುವ ಗೆರೆ ಇದ್ದರೆ ಜಗಳವೂ ಬೇಗ ಮುಗಿಯುತ್ತೆ. ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವನ್ನು ತಳಕ್ಕೆ ಬಿಡದೆ, ಗೆರೆಯ ಮಟ್ಟಕ್ಕೆ ಕಟ್ಟಿದರೆ ಇನ್ನೂ ಒಳ್ಳೇದು, ನೀರು ಅದಕ್ಕಿಂತ ಕೆಳಗೆ ಹೋದರೆ ಮೋಟರ್ ಎಳೆಯೋದೇ ಇಲ್ಲ. ಫುಟ್‌ವಾಲ್ವಿಗೆ ಸೊಳ್ಳೆಪರದೆಯಂಥ ಜಾಲರಿ ಸುತ್ತಿ, ಮರಿ ಒಳಗೆ ಹೋಗಲ್ಲ. ಜಾಲರಿ ದೊಡ್ಡದಾಗಿ, ಬುಟ್ಟಿಯ ಹಾಗೆ ಇರಲಿ, ಇಲ್ಲಾಂದ್ರೆ ಪಾಚಿ ಕಟ್ಟಿಕೊಂಡು ಮೋಟರ್ ಸುಡುತ್ತೆ.

ಅಡಿಕೆಯವರು ನೋಡಬೇಕಾದ ಇನ್ನೆರಡು ವಿಷಯ ಇದೆ, ಇದನ್ನು ಯಾರೂ ಜಾಸ್ತಿ ಮಾತಾಡಲ್ಲ. ಒಂದು ಚೊಗರು, ಅಂದರೆ ಅಡಿಕೆ ಬೇಯಿಸಿದ ಕಪ್ಪು ನೀರು. ನಿಮ್ಮ ಕಡೆ ಕೆಂಪಡಿಕೆಯೇ ತಾನೇ? ಸೀಸನ್ ಮುಗಿದ ಮೇಲೆ ಹಂಡೆಯಲ್ಲಿ ಉಳಿದ ಚೊಗರನ್ನು ಹಳ್ಳಕ್ಕೆ ಸುರಿಯೋದು, ಹಂಡೆಯನ್ನು ಅಲ್ಲೇ ತೊಳೆಯೋದು ಮಾಡಬೇಡಿ. ನೀರು ಕಡಿಮೆ ಇರುವ ಹಳ್ಳದಲ್ಲಿ ಅದು ಆಮ್ಲಜನಕವನ್ನೆಲ್ಲ ತಿಂದುಬಿಡುತ್ತೆ, ಬಣ್ಣ ಕಪ್ಪಾಗಿ ಬೆಳಕೂ ಇಳಿಯಲ್ಲ. ತೋಟದ ಮೂಲೆಯಲ್ಲಿ ಗುಂಡಿ ತೆಗೆದು ಇಂಗಿಸಿ. ಇನ್ನೊಂದು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು ಅಲ್ವಾ ಲೆಕ್ಕ? ಸುಣ್ಣ ಸೇರಿದ ಮೇಲೆ ತಾಮ್ರದ ಕಾಟ ಸ್ವಲ್ಪ ಕಡಿಮೆ ಆಗುತ್ತೆ, ನಿಜ. ಆದರೆ ಮೈಲುತುತ್ತ ಕರಗಿಸಿದ ಡ್ರಮ್ಮಿನ ತಳದಲ್ಲಿ ಉಳಿಯೋದು ಸುಣ್ಣ ಸೇರದ ನೀಲಿ ತಾಮ್ರದ ನೀರು. ಲೀಟರ್‌ಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ತಾಮ್ರವೇ ಎಷ್ಟೋ ಮೀನಿನ ಮರಿಗಳಿಗೆ ಸಾಕು. ಡ್ರಮ್ ಬೇರೆ ಕಡೆ ತೊಳೆಯಿರಿ. ಗದ್ದೆಯವರಿಗೂ ಇದೇ ಮಾತು: ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಜಾತಿಯ ಔಷಧ ಮೀನಿಗೆ ಕಡುವಿಷ, ಹೊಡೆದ ಮೇಲೆ ಕೆಲವು ದಿನ ಗದ್ದೆ ನೀರು ಹಳ್ಳಕ್ಕೆ ಬಿಡಬೇಡಿ.

ಈಗ ಹತ್ತುವ ದಾರಿ. ಮುಂಗಾರಿನ ಮೊದಲ ಕೆಂಪು ನೀರು ಬಂದಾಗ ಮೀನು ಎದುರು ಈಜಿ ಮೇಲೆ ಹೋಗಿ ಮೊಟ್ಟೆ ಇಡುತ್ತೆ. ಹಳ್ಳದುದ್ದಕ್ಕೂ ನಡೆದು ನೋಡಿ. ರಸ್ತೆ ಕೆಳಗಿನ ಮೋರಿ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಒಂದೂವರೆ ಅಡಿ ಮೇಲೆ ನೇತಾಡುತ್ತಿದ್ದರೆ ಸಣ್ಣ ಮೀನಿನ ಪಯಣ ಅಲ್ಲಿಗೇ ಮುಗಿಯಿತು. ಚೆಕ್‌ಡ್ಯಾಂ ಕೂಡ ಹಾಗೇ. ಒಡೆಯಬೇಕಾಗಿಲ್ಲ. ಕೆಳಭಾಗದಲ್ಲಿ ದಪ್ಪ ಕಲ್ಲು ಜೋಡಿಸಿ ಇಳಿಜಾರು ಮಾಡಿ: 1 ಅಡಿ ಎತ್ತರಕ್ಕೆ ಕನಿಷ್ಠ 20 ಅಡಿ ಉದ್ದ. ಕಲ್ಲು ಅಂಕುಡೊಂಕಾಗಿ ಇರಲಿ, ನಡುವೆ ಸಣ್ಣ ಸಣ್ಣ ಗುಂಡಿ ಉಳಿಯಲಿ, ಮೀನು ಅಲ್ಲಿ ನಿಂತು ಸುಧಾರಿಸಿಕೊಂಡು ಮುಂದಕ್ಕೆ ಹೋಗುತ್ತೆ. ಕಾಂಕ್ರೀಟ್ ಹಾಕಿ ನುಣ್ಣಗೆ ಮಾಡಿದರೆ ಮೀನಿಗೆ ಹತ್ತೋಕಾಗಲ್ಲ. ಚೆಕ್‌ಡ್ಯಾಂ ತುಂಬ ಎತ್ತರ ಇದ್ದರೆ ಈ ಉಪಾಯ ನಡೆಯಲ್ಲ, ಇಂಜಿನಿಯರ್ ಬೇಕು.

ಅದೇ ದಿನಗಳಲ್ಲಿ ಮೋರಿ ಬಾಯಿಗೆ ಕೂಳಿ (ಮೀನು ಹಿಡಿಯುವ ಬುಟ್ಟಿ) ಇಟ್ಟು, ಬಲೆ ಅಡ್ಡ ಕಟ್ಟಿ ಮೊಟ್ಟೆ ತುಂಬಿದ ಮೀನನ್ನೇ ಹಿಡಿಯುವವರು ಎಲ್ಲ ಊರಲ್ಲೂ ಇದ್ದಾರೆ. ಮಜಾನೇ ಅದು, ನಾನೇನು ಇಲ್ಲ ಅನ್ನಲ್ಲ. ಮೊದಲ ಎರಡು ಮೂರು ವಾರ ಬಿಟ್ಟುಬಿಡಿ, ಆಮೇಲೆ ಹಿಡಿಯಿರಿ. ತೋಟೆ (ಸಿಡಿಮದ್ದು) ಹಾಕೋದು, ನೀರಿಗೆ ವಿಷ ಬೆರೆಸೋದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಈಗ ಬ್ಯಾಟರಿ ಕರೆಂಟ್ ಬಿಡೋದು ಶುರುವಾಗಿದೆ, ಅದರಲ್ಲಿ ಮರಿಗಳೂ ಉಳಿಯಲ್ಲ, ಹಿಡಿಯೋಕೆ ಇಳಿದವನ ಜೀವಕ್ಕೂ ಗ್ಯಾರಂಟಿ ಇಲ್ಲ.

ದಡಕ್ಕೆ ಏನು ನೆಡೋದು ಅಂತ ಇನ್ನೊಬ್ಬರು ಕೇಳಿದ್ದರು. ನೀರಿನ ಅಂಚಿಗೆ ಲಾವಂಚ, ಲಕ್ಕಿ. ಲಕ್ಕಿ ಕಡ್ಡಿ ಸಾಕು, ಮಳೆ ಹಿಡಿದಾಗ ಚುಚ್ಚಿದರೆ ಬರುತ್ತೆ, ದನ ಮುಟ್ಟಲ್ಲ. ಸ್ವಲ್ಪ ಮೇಲೆ ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿ. ದಡದುದ್ದಕ್ಕೂ ಇವಕ್ಕೆ 15 ಅಡಿ ಅಗಲದ ಜಾಗ ಬಿಟ್ಟರೂ ಚೆನ್ನಾಗಿ ಕೆಲಸ ಮಾಡುತ್ತೆ. ಹೊಂಗೆ ಸೊಪ್ಪು ತೋಟಕ್ಕೇ ಆಯ್ತು. ಬಳ್ಳಾರಿ ಜಾಲಿ ಇದ್ದರೆ ಒಂದೇ ಸಲ ಬೋಳು ಮಾಡಬೇಡಿ, ದಡ ಕುಸಿಯುತ್ತೆ. ನೆಟ್ಟ ಗಿಡ ಬೇರು ಬಿಟ್ಟ ಹಾಗೆ ಸ್ವಲ್ಪ ಸ್ವಲ್ಪ ತೆಗೆಯಿರಿ. ದನ ನೀರಿಗಿಳಿಯೋಕೆ ಒಂದು ಕಡೆ ಕಲ್ಲು ಹಾಸಿ ದಾರಿ ಮಾಡಿ, ಉಳಿದ ದಡಕ್ಕೆ ಎರಡು ವರ್ಷ ಮುಳ್ಳುಬೇಲಿ.

ಅಳಿವಿನಂಚಿನ ಮೀನಿನ ಬಗ್ಗೆಯೂ ಒಂದು ಮಾತು. ಹರಗಿ ಅಂತ ಇತ್ತು, ನೀರಿನ ಸೊಪ್ಪು ಮೇಯುವ ದೊಡ್ಡ ಮೀನು, ಒಂದು ಕಾಲಕ್ಕೆ ತುಂಗಭದ್ರೆಯಲ್ಲಿ ಮುಖ್ಯವಾಗಿ ಸಿಗುತ್ತಿದ್ದುದರಲ್ಲಿ ಇದೂ ಒಂದು. ಈಗ ಅಪರೂಪ. ಹೆಸರಘಟ್ಟದ ಕೇಂದ್ರ ಸರ್ಕಾರದ ಸಿಹಿನೀರು ಮೀನು ಸಂಶೋಧನಾ ಕೇಂದ್ರದಲ್ಲಿ ಇದರ ಮರಿ ಮಾಡಿಸುವ ಕೆಲಸ ಆಗಿದೆ. ಆದರೆ ಅದು ಹೊಳೆಯ ಮೀನು, ಬೇಸಿಗೆಯಲ್ಲಿ ಇಂಗುವ ಹಳ್ಳಕ್ಕೆ ತಂದು ಬಿಟ್ಟು ಉಪಯೋಗ ಇಲ್ಲ. ನಿಮ್ಮ ಹಳ್ಳದ ನೀರು ಸೂಳೆಕೆರೆ ದಾಟಿ ಹರಿದ್ರಾ ಹೊಳೆ ಆಗಿ ಹರಿಹರದಲ್ಲಿ ತುಂಗಭದ್ರೆ ಸೇರುತ್ತೆ ನಿಜ, ಆದರೆ ನಡುವೆ ಕೆರೆ ಏರಿ ಇದೆ. ಹೊಳೆ ಮೀನು ಅದನ್ನು ಹತ್ತಿ ನಿಮ್ಮಲ್ಲಿಗೆ ಬರಲ್ಲ. ಗೆಂಡೆ, ಹಾವುಮೀನು, ಕೊರವಕ್ಕೆ ಜಾಗ ಮಾಡಿ, ಅದು ನಿಮ್ಮ ಕೈಲಾಗುವ ಕೆಲಸ. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನು ಅಷ್ಟು ದಪ್ಪಗೆ ಬೆಳೆದಿರೋದು ಯಾರೋ ಮರಿ ಬಿಟ್ಟಿದ್ದರಿಂದ ಅಲ್ಲ, ಆ ಮಡುವಿಗೆ ಯಾರೂ ಬಲೆ ಹಾಕದೆ ಇದ್ದಿದ್ದರಿಂದ.

ಚಳ್ಳಕೆರೆ, ಹಿರಿಯೂರಿನವರು ನಮ್ಮ ಹಳ್ಳ ವರ್ಷಕ್ಕೆ ಎರಡು ತಿಂಗಳೂ ಹರಿಯಲ್ಲ ಅಂದಿದ್ದೀರಿ. ನಿಮಗೆ ನಿಜವಾದ ನೀರು ಬರೋದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಹಾಗಾಗಿ ಕೂಳಿ ಬೇಡ ಅನ್ನುವ ಮೂರು ವಾರವನ್ನು ಆಗ ಇಟ್ಟುಕೊಳ್ಳಿ. ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಅಷ್ಟು ವರ್ಷ ಕೆಳಗಿನ ವೇದಾವತಿ ಹೊಳೆ ಕೋಡಿ ನೀರೇ ಕಂಡಿರಲಿಲ್ಲ. ಅಂಥ ಕಡೆ ಉಳಿದಿರುವ ಒಂದೊಂದು ಗುಂಡಿಗೂ ಬೆಲೆ ಜಾಸ್ತಿ.

ಚನ್ನಗಿರಿಯವರೇ, ಹಳ್ಳ ಸರ್ಕಾರಿ ಖರಾಬು ಆಗಿದ್ದರೆ ಕಲ್ಲು ಜೋಡಿಸುವ ಮೊದಲು ಪಂಚಾಯ್ತಿಗೆ ಒಂದು ಅರ್ಜಿ ಕೊಡಿ. 2002ರ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಕಾಗದದ ಮೇಲೆ ಇದ್ದರೂ ಪರವಾಗಿಲ್ಲ, ಮಡುವಿನ ಹೆಸರನ್ನು ಅದರ ದಾಖಲೆಗೆ ಬರೆಸಿ. ನಾಳೆ ಇನ್ನೊಂದು ಜೆಸಿಬಿ ಬಂದಾಗ ತೋರಿಸೋಕೆ ಅದು ಬೇಕಾಗುತ್ತೆ. ಮತ್ತೆ ಮೋರಿಯ ಕೆಳಗಿನಿಂದ ಒಂದು ಫೋಟೋ ಹಾಕಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ, ಎತ್ತರ ಗೊತ್ತಾಗುತ್ತೆ. ಎಷ್ಟು ಲೋಡ್ ಕಲ್ಲು ಬೇಕಾಗಬಹುದು ಅಂತ ನೋಡಿ ಹೇಳ್ತೀನಿ.