ಎಂಸಿಬಿ ಹೊಸದು, ಗೋಡೆಯೊಳಗಿನ ವೈರು ಯಾವ ಕಾಲದ್ದು?

ಪ್ರಶ್ನೆ: ಜಯನಗರದಲ್ಲಿ ನಮ್ಮದು ಎಪ್ಪತ್ತರ ದಶಕದ ಮನೆ. ಪಿಂಗಾಣಿ ಫ್ಯೂಸ್ ತೆಗೆಸಿ ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಹಾಕಿಸಿದ್ದೇವೆ. 3 ಕಿಲೋವ್ಯಾಟ್ ಗೀಸರ್ ಜೊತೆ ಇಂಡಕ್ಷನ್ ಒಲೆ ಹಾಕಿದರೆ 16 ಆಂಪಿಯರ್ ಎಂಸಿಬಿ ಬೀಳುತ್ತದೆ. 32ರದು ಹಾಕಿದರೆ ಸಾಕು ಅನ್ನುತ್ತಾರೆ ಎಲೆಕ್ಟ್ರಿಷಿಯನ್. ವೈರಿಂಗೂ ಬದಲಿಸಬೇಕೇ?

ಉತ್ತರ: ಈ ಪ್ರಶ್ನೆ ಬಾರದ ವಾರವಿಲ್ಲ. 32ರದು ಹಾಕಿ ಅಂದವರನ್ನು ಮತ್ತೆ ಬೋರ್ಡಿನ ಹತ್ತಿರ ಬಿಡಬೇಡಿ. ಎಂಸಿಬಿ ಇರುವುದು ವೈರು ಅತಿಯಾಗಿ ಬಿಸಿಯಾಗದಂತೆ ನೋಡಿಕೊಳ್ಳಲು. ವೈರು ಎಷ್ಟು ತಡೆಯುತ್ತದೋ ಅದಕ್ಕಿಂತ ದೊಡ್ಡದು ಹಾಕಿದರೆ ಮೊದಲು ಸುಡುವುದು ವೈರು. 16ರ ಎಂಸಿಬಿ ಕೂಡ 16 ದಾಟಿದ ಕ್ಷಣವೇ ಬೀಳುವುದಿಲ್ಲ. 23 ಆಂಪಿಯರ್ ಹರಿದರೂ ಒಂದು ಗಂಟೆಯವರೆಗೆ ಹಿಡಿಯಬಹುದು. ನಿಮ್ಮ ಗೀಸರ್, ಒಲೆ ಸೇರಿ ಸುಮಾರು 22. ಹಳೇ ಮನೆಗಳಲ್ಲಿ ಲೈಟಿಗೆಂದು ಎಳೆದ 1 ಚದರ ಮಿಲಿಮೀಟರ್ ವೈರಿನಿಂದಲೇ ಪವರ್ ಪಾಯಿಂಟ್ ಕವಲು ತೆಗೆದಿರುವುದು ಮಾಮೂಲು. ಪೈಪಿನೊಳಗೆ ಅದಕ್ಕೆ 13 ಆಂಪಿಯರೇ ಜಾಸ್ತಿ.

ಮನೆಯ ವಯಸ್ಸು ಲೆಕ್ಕ ಹಾಕುತ್ತ ಕೂರಬೇಡಿ, ವೈರನ್ನೇ ನೋಡಿ. ಮೇನ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ. ಇದನ್ನು ಮರೆತು ಶಾಕ್ ಹೊಡೆಸಿಕೊಂಡವರು ಬೇಕಾದಷ್ಟಿದ್ದಾರೆ. ಗೀಸರ್ ಬೋರ್ಡನ್ನೂ ಹಾಲ್ ಲೈಟಿನ ರೋಸನ್ನೂ (ಸೂರಿನಲ್ಲಿ ಲೈಟಿನ ವೈರು ಸೇರುವ ದುಂಡನೆ ಡಬ್ಬಿ) ಬಿಚ್ಚಿಸಿ. ವೈರನ್ನು ಮೆಲ್ಲಗೆ ಬಾಗಿಸಿದಾಗ ಹೊದಿಕೆ ಬಿರಿದರೆ ಅಥವಾ ಪುಡಿಯಾಗಿ ಉದುರಿದರೆ ಅದರ ಆಯುಷ್ಯ ಮುಗಿಯಿತು. ಬಲ್ಬಿನ ಶಾಖಕ್ಕೆ ತುದಿಯಷ್ಟೇ ಒಣಗಿರುವುದೂ ಉಂಟು, ಹಾಗಾಗಿ ಅರ್ಧ ಅಡಿ ಒಳಗಿನದನ್ನೂ ನೋಡಿ. ಮೇಲೆ ನೂಲಿನ ಹೆಣಿಗೆ, ಒಳಗೆ ರಬ್ಬರ್ ಇದ್ದರೆ ಬಾಗಿಸಿ ನೋಡುವ ಅಗತ್ಯವೂ ಇಲ್ಲ, ಬದಲಿಸಿ.

ತಂತಿ ಬೆಳ್ಳಗೆ ಕಂಡರೆ ಬ್ಲೇಡಿನಿಂದ ಕೆರೆಯಿರಿ. ಕೆಂಪು ಬಂದರೆ ತವರ ಲೇಪಿಸಿದ ತಾಮ್ರ. ಹಳೇ ರಬ್ಬರ್ ವೈರಿನಲ್ಲಿ ಹಾಗೇ ಇರುತ್ತಿತ್ತು. ಬೆಳ್ಳಗೇ ಉಳಿದರೆ ಅಲ್ಯುಮಿನಿಯಂ. ಅದು ಸ್ಕ್ರೂ ಒತ್ತಡಕ್ಕೆ ಸಿಕ್ಕು ನಿಧಾನವಾಗಿ ಜರುಗುತ್ತದೆ, ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಜಾಯಿಂಟ್ ಸಡಿಲವಾಗಿ ಬಿಸಿಯಾಗುತ್ತದೆ. ಅದಕ್ಕೆ ತಾಮ್ರ ಹೆಣೆದು ಟೇಪು ಸುತ್ತಿದ್ದರಂತೂ ಆ ಜಾಯಿಂಟ್ ಬೇಗ ಕೆಡುತ್ತದೆ. ಸ್ವಿಚ್‌ಬೋರ್ಡ್ ಮುಟ್ಟಿದರೆ ಬೆಚ್ಚಗಿರುವುದು, ಮೀನು ಸುಟ್ಟಂಥ ವಾಸನೆ, ಮಿಕ್ಸಿ ಹಾಕಿದಾಗ ಲೈಟು ಮಂಕಾಗುವುದು ಬಹುಪಾಲು ಇಂಥ ಜಾಯಿಂಟುಗಳಿಂದಲೇ.

ಕಣ್ಣಿಗೆ ಚೆನ್ನಾಗಿ ಕಂಡರೂ ಮೆಗ್ಗರ್ (ವೈರಿನ ಹೊದಿಕೆಯಿಂದ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಮೀಟರ್) ಪರೀಕ್ಷೆ ಮಾಡಿಸಿ. ಪ್ಲಗ್‌ಗಳನ್ನೆಲ್ಲ ಕಿತ್ತು, ಬಲ್ಬ್ ತೆಗೆದು, ಸ್ವಿಚ್‌ಗಳನ್ನು ಆನ್ ಇಟ್ಟು, ನ್ಯೂಟ್ರಲ್ ಬಿಡಿಸಿ, ಒಂದೊಂದೇ ಸರ್ಕ್ಯೂಟಿಗೆ 500 ವೋಲ್ಟ್ ಕೊಟ್ಟು ಅಳೆಯಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದ ಸರ್ಕ್ಯೂಟ್ ಅನುತ್ತೀರ್ಣ. ಮಳೆಗಾಲದಲ್ಲಿ ಗೋಡೆ ತೇವ ಇದ್ದಾಗ ಮಾಡಿಸಿದರೆ ನಿಜ ಗೊತ್ತಾಗುತ್ತದೆ. ಮೆಗ್ಗರ್ ಇಲ್ಲ ಅನ್ನುವವರಿಗೆ ಮನೆಯ ವೈರಿಂಗ್ ಒಪ್ಪಿಸಬೇಡಿ. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್ ಲೈಸೆನ್ಸ್ ಇರುವ ಗುತ್ತಿಗೆದಾರರನ್ನು ಕರೆಸಿ.

ಹೊಸದಾಗಿ ಎಳೆಸುವಾಗ ಲೈಟು, ಫ್ಯಾನಿಗೆ 1.5 ಚದರ ಮಿಲಿಮೀಟರ್, 16 ಆಂಪಿಯರ್ ಸಾಕೆಟ್‌ಗೆ 2.5, ಗೀಸರಿಗೆ ಪ್ರತ್ಯೇಕವಾಗಿ 4. ಪ್ರತಿ ಪಾಯಿಂಟಿಗೂ ಹಸಿರು ಅರ್ಥ್ ವೈರು, ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್). ಅದು ಪದೇ ಪದೇ ಬಿದ್ದರೆ ಲೀಕೇಜ್ ಹುಡುಕಿಸಿ. ಅದನ್ನೇ ಬೈಪಾಸ್ ಮಾಡಿ ಹೋಗುವವರಿದ್ದಾರೆ, ಎಚ್ಚರ.

ಪ್ರಶ್ನೆ: ಅರ್ಥ್ ವೈರಿಲ್ಲ. ಸಾಕೆಟ್‌ನಲ್ಲೇ ಮೂರನೇ ಪಿನ್ನನ್ನು ನ್ಯೂಟ್ರಲಿಗೆ ಸೇರಿಸಿದ್ದಾರೆ, ನಡೆಯುತ್ತದಾ?

ಉತ್ತರ: ಇವತ್ತೇ ಬಿಚ್ಚಿಸಿ. ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಮೈಯಲ್ಲೇ ಕರೆಂಟು.

ಪ್ರಶ್ನೆ: ಅರ್ಥ್ ಗುಂಡಿಗೆ ವರ್ಷಾವರ್ಷ ಉಪ್ಪು, ಇದ್ದಿಲು ಹಾಕಿಸುತ್ತೇವೆ. ಸಾಲದೇ?

ಉತ್ತರ: ಗುಂಡಿಯಿಂದ ಸಾಕೆಟ್‌ವರೆಗೆ ವೈರೇ ಇಲ್ಲದಿದ್ದರೆ ಉಪ್ಪಿನ ಖರ್ಚು ದಂಡ.

ಪ್ರಶ್ನೆ: ಪ್ಲಗ್‌ಗೆ ಸಿಕ್ಕಿಸಿದರೆ ಬೆಸ್ಕಾಂ ಬಿಲ್ಲು ಇಳಿಸುವ ಡಬ್ಬಿ?

ಉತ್ತರ: ಮೋಸ. ಮನೆ ಬಿಲ್ಲು ಬರುವುದು ಬಳಸಿದ ಯೂನಿಟ್ಟಿಗೆ.

ಪ್ರಶ್ನೆ: ಬಸವನಗುಡಿಯ ಮದ್ರಾಸ್ ತಾರಸಿ ಮನೆ. ಗೋಡೆ ಒಡೆಸಲು ಇಷ್ಟವಿಲ್ಲ.

ಉತ್ತರ: ಒಡೆಸಬೇಡಿ. ಗೋಡೆ ಮೇಲೆ ಪಿವಿಸಿ ಪೈಪೋ ಕೇಸಿಂಗ್-ಕ್ಯಾಪಿಂಗೋ (ಮುಚ್ಚಳವಿರುವ ಪಿವಿಸಿ ಪಟ್ಟಿ) ಸಾಕು. ಹಳೇ ಮರದ ಪಟ್ಟಿ ಚೆನ್ನಾಗಿದೆ ಅಂತ ಅದರೊಳಗೇ ಹೊಸ ವೈರು ತೂರಿಸಬೇಡಿ, ಮರ ಬೆಂಕಿ ಹಿಡಿಯುತ್ತದೆ. ಹಳೇ ವೈರನ್ನು ಎರಡೂ ತುದಿಯಲ್ಲಿ ಕತ್ತರಿಸಿ ಹೊರಗೆಳೆಸಿ. ಒಳಗೇ ಬಿಟ್ಟರೆ ಮುಂದೆ ಯಾರಾದರೂ ಅದಕ್ಕೇ ಕನೆಕ್ಷನ್ ಕೊಡುತ್ತಾರೆ.