ಯಾರಿಗೂ ಹೇಳುವುದಿಲ್ಲ ಎಂದು ಆಣೆ ಇಡಬೇಡಿ

ಪ್ರಶ್ನೆ: ಕಲಬುರಗಿಯವಳು, ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾಲೇಜು ನನ್ನನ್ನು ಪೀರ್ ಎಜುಕೇಟರ್ (ಸಹಪಾಠಿಗಳಿಗೆ ತಿಳಿವಳಿಕೆ ಹೇಳಿ ನೆರವಾಗುವ ವಿದ್ಯಾರ್ಥಿನಿ) ಆಗಿ ಆರಿಸಿದೆ. ಹಾಸ್ಟೆಲ್ ಗೆಳತಿಯ ಫೋಟೊ ತಿದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುತ್ತಿದ್ದಾರೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಏನು ಮಾಡಲಿ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ನಿಮ್ಮ ಮೇಲೆ ಸಿಟ್ಟಿಲ್ಲ. ತರಬೇತಿಯೆಂದು ಅರ್ಧ ದಿನ ಭಾಷಣ ಮಾಡಿ, ಎದೆಗೆ ಬ್ಯಾಡ್ಜ್ ಚುಚ್ಚಿ ಕಳಿಸುವವರ ಮೇಲಿದೆ. ಇಂಥ ಆಣೆ ಇಡಬಾರದೆಂದು ಅವರು ಮೊದಲ ಗಂಟೆಯಲ್ಲೇ ಹೇಳಬೇಕಿತ್ತು. ಇಂದೇ ಗೆಳತಿಯ ಬಳಿ ಹೋಗಿ: "ಊರಿಗೆಲ್ಲ ಸಾರುವುದಿಲ್ಲ. ಆದರೆ ನಿನಗೆ ನೆರವಾಗಬಲ್ಲ ಒಬ್ಬರಿಗಾದರೂ ಹೇಳಲೇಬೇಕು. ಯಾರಿಗೆಂದು ನೀನೇ ಹೇಳು."

ನನ್ನೆದುರು ಕುಳಿತಿದ್ದ ಒಬ್ಬ ಹುಡುಗಿ ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಿದ್ದಳು. ಅದು ಅದುರಿದಾಗಲೆಲ್ಲ ಅವಳ ಹೆಗಲು ಕಿವಿಯ ತನಕ ಏರುತ್ತಿತ್ತು. ತನ್ನ ಬಗ್ಗೆ ಇನ್ನೇನು ಹರಿದಾಡುತ್ತಿದೆಯೋ ಎಂದು ರಾತ್ರಿಯಿಡೀ ತೆರೆದು ನೋಡುತ್ತಿದ್ದಳು. ಮನೆಯವರು ಅದನ್ನು ಮೊಬೈಲ್ ಚಟ ಎಂದು ಬೈದಿದ್ದರು. ನಿಮ್ಮ ಗೆಳತಿಯನ್ನು ಹಾಗೆ ಬೈಯುವವರಿದ್ದರೆ ದಯವಿಟ್ಟು ತಡೆಯಿರಿ.

ಬ್ಲಾಕ್ ಮಾಡುವ ಮುನ್ನ ಗುಂಪಿನ ಹೆಸರು, ಕಳಿಸಿದವರ ನಂಬರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಫೋಟೊ ಅಶ್ಲೀಲವಾಗಿದ್ದರೆ, ಸಾಕ್ಷಿಗೆಂದೂ ಗೆಳೆಯರಿಗೆ ಕಳಿಸಬೇಡಿ; ಅಂಥದ್ದನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನಡಿ ಅಪರಾಧ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ವಿರುದ್ಧದ ಇಂಥ ಕೃತ್ಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ದೂರು ತುಂಬುವಾಗ ಪಕ್ಕದಲ್ಲಿ ಕುಳಿತಿರಿ, ಅಷ್ಟು ಸಾಕು. ಗುಂಪಿನವರ ಜೊತೆ ಜಗಳಕ್ಕೆ ಇಳಿಯುವುದು, ಅವರ ಫೋಟೊ ತಿದ್ದಿ ಸೇಡು ತೀರಿಸಿಕೊಳ್ಳುವುದು ನಿಮ್ಮ ಕೆಲಸವಲ್ಲ. ಆಪ್ತ ಸಲಹೆಗಾರ್ತಿಯ ಪಾತ್ರವನ್ನೂ ವಹಿಸಬೇಡಿ. ನಿಮಗೆ ಇಪ್ಪತ್ತು ವರ್ಷ, ನಾಳೆ ಪರೀಕ್ಷೆ. ಆದರೆ ಅವಳು ಸಾಯುವ ಮಾತಾಡಿದರೆ ಆಣೆ, ಗುಟ್ಟು ಎಲ್ಲ ಬದಿಗಿರಲಿ. ಒಂಟಿಯಾಗಿ ಬಿಡಬೇಡಿ, ವಾರ್ಡನ್‌ರನ್ನು ಎಬ್ಬಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ರಾತ್ರಿ ಎರಡು ಗಂಟೆಯಾದರೂ ಸಂಕೋಚ ಬೇಡ.

ಪ್ರಶ್ನೆ: ಮಗನ ಮೊಬೈಲ್ ಕಸಿದುಕೊಳ್ಳಲೇ? (ಪಿಂಪ್ರಿಯ ತಂದೆ)

ಉತ್ತರ: ಬೇಡ. ಕಸಿದುಕೊಂಡರೆ, ಇನ್ನು ಮುಂದೆ ಯಾರಾದರೂ ಕಾಟ ಕೊಟ್ಟರೂ ಅವನು ನಿಮಗೆ ಹೇಳುವುದಿಲ್ಲ.

ಪ್ರಶ್ನೆ: ಏಳು ದಿನದ ಸಮ್ಮೋಹಿನಿಯಿಂದ ಗೇಮಿಂಗ್ ಚಟ ಬಿಡಿಸುತ್ತೇವೆ ಎನ್ನುತ್ತಾರೆ. ಮುಂಗಡ ಕೊಟ್ಟಿದ್ದೇನೆ.

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಪ್ರಕಾರ ಗೇಮಿಂಗ್ ಕಾಯಿಲೆ ಎಂದು ಗುರುತಿಸುವುದಕ್ಕೇ ಸಾಮಾನ್ಯವಾಗಿ 12 ತಿಂಗಳ ವರ್ತನೆಯನ್ನು ನೋಡಬೇಕು. ಏಳು ದಿನದಲ್ಲಿ ಬಿಡಿಸುತ್ತೇನೆ ಎನ್ನುವವನು ಮೋಸಗಾರ. ಮುಂಗಡ ವಾಪಸ್ ಕೇಳಿ.