‘ಬಿ’ ಅನ್ನೋದು ಹೆಸರು, ‘ಬ್’ ಅನ್ನೋದು ಸದ್ದು

ಪತ್ರ: ಮಗಳು ಯುಕೆಜಿ. ಮಿಸ್ಸು ಎ, ಬಿ, ಸಿ ಅನ್ನೋ ಬದ್ಲು ಆ್ಯ, ಬ, ಕ ಅಂತ ಹೇಳ್ಕೊಡ್ತಾರೆ. ನಮ್ಮನೆಯವ್ರು ‘ಮೊದ್ಲು ಎಬಿಸಿಡಿ ಬಾಯಿಪಾಠ ಆಗ್ಲಿ’ ಅಂತ ಗಲಾಟೆ. ಯಾವ್ದು ಸರಿ ಸಾರ್?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ತಂಗೀ, ಎಲ್ರೂ ಸ್ಕೂಲಿನ ಫೀಸ್ ಎಷ್ಟು ಅಂತ ಕೇಳೋ ಕಾಲದಲ್ಲಿ ನೀವು ಅಕ್ಷರದ ಸದ್ದು ಕೇಳಿದ್ರಲ್ಲ, ಖುಷಿ ಆಯ್ತು. ನಿಮ್ಮನೆಯವ್ರ ಮಾತಲ್ಲೂ ನ್ಯಾಯ ಐತೆ. ಬ್ಯಾಂಕಲ್ಲಿ ಇನಿಷಿಯಲ್ ಹೇಳಕ್ಕೆ, ಫೋನಲ್ಲಿ ಸ್ಪೆಲ್ಲಿಂಗ್ ಹೇಳಕ್ಕೆ ಹೆಸರು ಬೇಕೇ ಬೇಕು. ಅವ್ರ ಪಾಲಿಂದು ಅಷ್ಟೇ.

ನಾನು ಎಬಿಸಿಡಿ ಕಲ್ತಿದ್ದು ಐದನೇ ಕ್ಲಾಸಲ್ಲಿ, ಭರಮಸಾಗರದ ಹತ್ರದ ಹಳ್ಳೀಲಿ. ಮೇಷ್ಟ್ರು ರಾಗವಾಗಿ ಹಾಡ್ಸೋರು, ‘ಎಲ್ಲೆಮ್ಮೆನ್ನೋಪಿ’ ಬಂದಾಗ ನಾನು ಅದು ಸವದತ್ತಿ ಎಲ್ಲಮ್ಮನ ಹೆಸ್ರೇ ಅನ್ಕೊಂಡು ಭಕ್ತಿಯಿಂದ ಕೂಗ್ತಿದ್ದೆ, ಅವು ಐದು ಅಕ್ಷರ ಅಂತ ಗೊತ್ತಾಗಿದ್ದು ದೀಪಾವಳಿ ಕಳೆದ ಮೇಲೆ. 26ಕ್ಕೆ 26 ಬಾಯಿಗೆ ಬಂತು, ಓದು ಬರ್ಲಿಲ್ಲ. ಸಿ, ಎ, ಟಿ ಕೂಡ್ಸು ಅಂದ್ರೆ ‘ಸಿಯೇಟಿ’ ಅಂದೆ, ಏಟೂ ಬಿತ್ತು.

ಇಂಗ್ಲಿಷ್ ಅಕ್ಷರದ ಹೆಸರು ನಂಬಂಗೇ ಇಲ್ಲ ನೋಡ್ರಿ. ‘ಡಬ್ಲ್ಯೂ’ದಲ್ಲಿ ವಕಾರ ಎಲ್ಲೈತೆ? ‘ವೈ’ ಶುರುವಾಗೋದು ವಕಾರದಿಂದ, ಮಾಡೋದು ಯಕಾರದ ಕೆಲ್ಸ. ‘ಏಚ್’ ಅನ್ನೋದ್ರೊಳಗೆ ಹಕಾರನೇ ಇಲ್ಲ ಅಂತ ನಾವೇ ಪಾಪ ಒಂದು ಸೇರ್ಸಿ ‘ಹೆಚ್’ ಮಾಡ್ಕೊಂಡಿದೀವಿ. ‘ಸಿ’ಗಂತೂ ಸ್ವಂತ ಸದ್ದೇ ಇಲ್ಲ, ಒಮ್ಮೆ ಕ, ಒಮ್ಮೆ ಸ. 26 ಅಕ್ಷರ ಇಟ್ಕೊಂಡು ಸುಮಾರು 44 ಸದ್ದು ಹೊರಡಿಸ್ಬೇಕು ಅಂದ್ರೆ ಇನ್ನೇನಾಗುತ್ತೆ. ಇಂಗ್ಲೆಂಡಲ್ಲೇ 2012ರಿಂದ ಚಿಕ್ಕ ಮಕ್ಕಳಿಗೆ 40 ಪದ ಓದ್ಸಿ ನೋಡ್ತಾರೆ, ಅದ್ರಲ್ಲಿ 20 ಅರ್ಥನೇ ಇಲ್ದಿರೋವು, ಬಾಯಿಪಾಠದವ್ರು ಅಲ್ಲೇ ಸಿಕ್ಕಿಬೀಳ್ತಾರೆ.

ಆದ್ರೆ ಮಿಸ್ಸೂ ಒಂದು ತಪ್ಪು ಮಾಡ್ತಿದಾರೆ, ನೀವು ಬರೆದಿದ್ದೇ ನಿಜ ಆದ್ರೆ. ‘ಬ’ ಅಲ್ಲ ತಾಯಿ, ‘ಬ್’. ಬ, ಆ್ಯ, ಟ ಅಂತ ಕೂಡ್ಸಿದ್ರೆ ‘ಬಆ್ಯಟ’ ಆಗುತ್ತೆ, ಯಾವ ಮಗೂಗೂ ಬ್ಯಾಟ್ ಕಾಣಲ್ಲ. ಬ್, ಆ್ಯ, ಟ್ ಅನ್ನಿ, ತಾನೇ ಬರುತ್ತೆ. ಇದು ಹೊಸದೇನಲ್ಲ, ಕ್ ಪ್ಲಸ್ ಅ ಕ, ಕ್ ಪ್ಲಸ್ ಆ ಕಾ ಅಂತ ನಮ್ಮ ಕಾಗುಣಿತದಲ್ಲಿ ಇದ್ದಿದ್ದೇ.

ನಂಗೆ ಉರಿಯೋದು ಇಲ್ಲೇ. ಸರ್ಕಾರಿ ಸ್ಕೂಲಿನ ನಲಿ-ಕಲೀಲಿ ಅಆಇಈ ಬಿಟ್ಟು ರ, ಗ, ಸ, ದ, ಅ ಅಂತ ಶುರು ಮಾಡಿ ಐದೇ ಅಕ್ಷರದಲ್ಲಿ ಅರಸ, ಗರಗಸ ಓದಿಸಿದ್ರೆ ‘ಇದೆಂಥ ಪಾಠ’ ಅಂತ ನಗ್ತೀವಿ, ಅದೇ ಉಪಾಯಾನ ಎಸ್, ಎ, ಟಿ, ಪಿ ಅಂತ ಶುರು ಮಾಡಿ ಫೋನಿಕ್ಸ್ ಅಂತ ಹೆಸರಿಟ್ರೆ ಬೇರೆ ಫೀಸ್ ಕಟ್ಟಿ ಕ್ಯೂ ನಿಲ್ತೀವಿ. ಕಾಗುಣಿತ ಗೊತ್ತಿರೋ ಅಜ್ಜಿ ಮಾತ್ರ ಮನೇಲಿ ಟಿವಿ ಮುಂದೆ ಸುಮ್ನೆ ಕೂತಿರ್ತಾಳೆ.

ಮೊನ್ನೆ ಮೊಮ್ಮಗಳನ್ನ ಕರ್ಕೊಂಡು ದುರ್ಗದಿಂದ ಬರೋವಾಗ ಅವ್ಳು ಬಸ್ಸಿನ ಇಂಗ್ಲಿಷ್ ಬೋರ್ಡಿನ ಮೇಲೆ ಬೆರಳಿಟ್ಟು ಒಂದೊಂದೇ ಸದ್ದು ಕೂಡ್ಸಿ ‘ಡವಂಜೆರೆ’ ಅಂದ್ಲು. ಕಂಡಕ್ಟರ್ ಬಿದ್ದು ಬಿದ್ದು ನಕ್ಕ. ‘ಜಿ’ ಮುಂದೆ ‘ಇ’ ಬಂದ್ರೆ ಜಕಾರ ಅಂತ ಅವ್ಳ ಮಿಸ್ಸೇ ಹೇಳ್ಕೊಟ್ಟಿರೋದು, ಲೆಕ್ಕ ಸರಿಯಾಗೇ ಐತೆ ಅಂತ ಅವ್ನಿಗೆ ಆನಗೋಡು ದಾಟೋ ತನಕ ವಿವರಿಸ್ದೆ, ಪಾಪ ಚಿಲ್ರೆ ಕೊಡೋದೇ ಮರ್ತ.